ಟ್ಯಾಂಕಿನ ಬೀಗ

ಕಾರು ಮನೆಗೆ ಬಂದ ಕೆಲವೇ ದಿನಗಳಲ್ಲಿ ಎಲ್ಲರೂ ಅದನ್ನು ಮುದುಕಿ ಎಂದು ಕರೆಯತೊಡಗಿದರು. ಅಜ್ಜಿಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ.

“ಮುದುಕಿ ಎದ್ದಳಾ, ಮುದುಕಿ ಕೆಮ್ಮಿದಳಾ ಅಂತೀರಿ. ನನ್ನ ಕೇಳ್ತಿದೀರೋ ಕಾರನ್ನೋ ಗೊತ್ತಾಗಬೇಡ್ವಾ?”

“ಕುಡಿಯೋ ಮುದುಕಿ ಅಂದ್ರೆ ಕಾರು. ಬೈಯೋ ಮುದುಕಿ ಅಂದ್ರೆ ನೀನು,” ಎಂದ ಅವಳ ಚಿಕ್ಕಮಗ, ತಟ್ಟೆಯಲ್ಲಿದ್ದ ಕೊನೆಯ ಬ್ರೆಡ್ ಚೂರಿನಿಂದ ತಟ್ಟೆಯನ್ನೇ ಒರೆಸಿ ತಿನ್ನುತ್ತ.

ಕಾರು ಕುಡಿಯುತ್ತಿದ್ದದ್ದು ನಿಜ. ಅದರ ಹಿಂದಿನ ಯಜಮಾನ ಒಬ್ಬ ಹಲ್ಲಿನ ಡಾಕ್ಟರು. ಮಾರುವಾಗ, ಪೆಟ್ರೋಲಿನ ವಾಸನೆ ತೋರಿಸಿದರೆ ಸಾಕು ಓಡುತ್ತೆ ಎಂದಿದ್ದರು. ಇಲ್ಲಿ ನೋಡಿದರೆ ಟ್ಯಾಂಕು ತುಂಬಿಸಿ ಬಂದ ವಾರದೊಳಗೆ ಮುಳ್ಳು ಮತ್ತೆ ಕೆಂಪು ಗೆರೆಯ ಮೇಲೆ ಮಲಗಿರುತ್ತಿತ್ತು.

ಆ ಮನೆಯವರದು ಪರದೆ ಹೊಲಿಯುವ ಕೆಲಸ. ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆಯಂತ್ರ, ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿಗಳು, ಕತ್ತರಿಸಲು ಒಂದು ಉದ್ದನೆಯ ಮೇಜು. ಊಟಕ್ಕೂ ಅದೇ ಮೇಜು. ಬಟ್ಟೆ ಸರಿಸಿ, ಪ್ಲಾಸ್ಟಿಕ್ ಹಾಸಿ, ತಟ್ಟೆ ಇಡಬೇಕು. ದೊಡ್ಡಮಗ ಗಿರಾಕಿಗಳ ಮನೆಗೆ ಹೋಗಿ ಕಿಟಕಿ ಅಳೆದು ಬರುತ್ತಿದ್ದ, ಬಟ್ಟೆ ಕತ್ತರಿಸುತ್ತಿದ್ದ. ಅವನ ಹೆಂಡತಿ ಯಂತ್ರದ ಮೇಲೆ ಕೂರುತ್ತಿದ್ದಳು. ಅಂಚನ್ನು ಕೈಹೊಲಿಗೆಯಲ್ಲಿ ಮಡಚಿ, ಪರದೆ ನೆಟ್ಟಗೆ ಇಳಿಬೀಳಲೆಂದು ಅಂಚಿನೊಳಗೆ ಸೀಸದ ಬಿಲ್ಲೆ ಸೇರಿಸುವುದು ಅಜ್ಜಿಯ ಕೆಲಸ. ಹೊಲಿದದ್ದನ್ನು ಗಂಟು ಕಟ್ಟಿ ಒಯ್ದು, ಏಣಿ ಹತ್ತಿ, ಸರಳು ಕೂರಿಸಿ, ಪರದೆ ತೂಗಿಸಿ ಬರುವವನು ಚಿಕ್ಕಮಗ. ಈ ನಾಲ್ವರ ಕೆಲಸಕ್ಕೂ ಲೋಪ ಹುಡುಕುವುದು ದೊಡ್ಡವನ ಮಗಳ ಕೆಲಸ. ಅವಳು ಇನ್ನೂ ಶಾಲೆಯಲ್ಲಿದ್ದಳು. ಮನೆಯಲ್ಲಿ ಎಲ್ಲರ ಪರವಾಗಿಯೂ ವಿರೋಧವಾಗಿಯೂ ವಾದಿಸುತ್ತಿದ್ದುದರಿಂದ ಅವಳಿಗೆ ವಕೀಲೆ ಎಂದೇ ಹೆಸರು ಬಿದ್ದಿತ್ತು.

ದೊಡ್ಡಮಗ ಕೈಕಟ್ಟಿ ಕೂರುವವನಲ್ಲ. ಮೊದಲು ಚಕ್ರಗಳಿಗೆ ಗಾಳಿ ಹೊಡೆಸಿದ. ಗಾಳಿ ಸೋಸುವ ಫಿಲ್ಟರ್ ಬಿಚ್ಚಿದಾಗ ಅದು ಒಲೆಯ ಮೇಲಿನ ಜೇಡರಬಲೆಯಂತಿತ್ತು, ಹೊಸದು ಹಾಕಿಸಿದ. ಪ್ಲಗ್ಗು ಬದಲಾಯಿಸಿದ. ಮೇಲಿದ್ದ ಕಬ್ಬಿಣದ ಕ್ಯಾರಿಯರ್ ಬಿಚ್ಚಿ ಹಿತ್ತಲಿನ ಗೋಡೆಗೆ ಒರಗಿಸಿದ. ಪ್ರತಿಯೊಂದಕ್ಕೂ ಎರಡು ದಿನ ಮುದುಕಿ ಸುಧಾರಿಸಿದಂತೆ ಕಾಣುತ್ತಿದ್ದಳು. ಮೂರನೆಯ ದಿನ ಮುಳ್ಳು ಮತ್ತೆ ಮಲಗುತ್ತಿತ್ತು. ಆಮೇಲೆ ಭಾರ ಇಳಿಸುವ ಸರದಿ ಬಂತು. ಡಿಕ್ಕಿಯಲ್ಲಿದ್ದ ಹಳೆಯ ಸರಳು, ಕೊಕ್ಕೆಗಳ ಡಬ್ಬಿ, ನೀರಿನ ಕ್ಯಾನು ಎಲ್ಲ ಹೊರಬಂದವು. ಅಜ್ಜಿ ಆಸ್ಪತ್ರೆಗೆ ಹೋಗುವಾಗ ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದ ದಿಂಬೂ ಹೊರಬಂತು.

“ಅಪ್ಪ, ನಾನು ಒಂದು ಹೊತ್ತು ಊಟ ಬಿಟ್ರೆ ಮೈಲೇಜ್ ಎಷ್ಟು ಹೆಚ್ಚುತ್ತೆ?” ಎಂದಳು ವಕೀಲೆ.

“ನಿನ್ನ ನಾಲಗೆ ಮನೇಲಿ ಬಿಟ್ಟು ಬಂದ್ರೆ ಹೆಚ್ಚುತ್ತೆ.”

ಮಗಳು ನಕ್ಕಳು, ಅವನು ನಗಲಿಲ್ಲ. ಮೇಜಿನ ಮೇಲೆ ಬೆಣ್ಣೆ ಕಾಣದೆ ಆಗಲೇ ಕೆಲವು ವಾರಗಳಾಗಿದ್ದವು. ಹಾಲಿಗೆ ನೀರು ಸೇರಿತ್ತು. ಸೊಸೆ ಮೇಲಿನ ಗಟ್ಟಿ ಹಾಲನ್ನು ಅತ್ತೆಯ ಲೋಟಕ್ಕೆ ಬಗ್ಗಿಸುತ್ತಿದ್ದಳು. ಅವಳು ಅತ್ತ ತಿರುಗಿದಾಗ ಅಜ್ಜಿ ಅದನ್ನು ಮೊಮ್ಮಗಳ ಲೋಟಕ್ಕೆ ಸುರಿಯುತ್ತಿದ್ದಳು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ.

ಒಂದು ಬೆಳಿಗ್ಗೆ ಚಿಕ್ಕಮಗ ಗಂಜಿ ಕುಡಿಯುತ್ತ, “ಅಣ್ಣ, ಇಳಿಜಾರಲ್ಲಿ ಗೇರ್ ತೆಗೆದ್ರೂ ಅದು ಉರುಳಲ್ಲ. ಯಾರೋ ಹಿಂದಿಂದ ಸೆರಗು ಹಿಡಿದು ಜಗ್ಗಿದ ಹಾಗಿರುತ್ತೆ,” ಎಂದ.

“ಇಳಿಜಾರಲ್ಲಿ ಗೇರ್ ಯಾಕೆ ತೆಗೀತೀಯ?”

“ಪೆಟ್ರೋಲ್ ಉಳೀಲಿ ಅಂತ.”

“ಗೋಡೆಗೆ ಗುದ್ದಿ ಉಳಿಸು. ಇನ್ನೊಂದ್ಸಲ ತೆಗೀಬೇಡ.”

ಗುದ್ದುವ ಮಾತು ಹಾಗೇ ಬಂದದ್ದಲ್ಲ. ಅವರ ಬೀದಿ ಇಳಿಜಾರು. ಕಾರು ತಂದ ಹೊಸತರಲ್ಲಿ ಚಿಕ್ಕವನು ನಿಲ್ಲಿಸಿ ಬಂದಿದ್ದ ಗಾಡಿ ತಾನೇ ಹಿಂದಕ್ಕೆ ಉರುಳಿ ಎದುರುಮನೆಯ ಗೇಟನ್ನು ಬಗ್ಗಿಸಿತ್ತು. ಅಂದಿನಿಂದ ದೊಡ್ಡವನದು ಒಂದು ಕಟ್ಟಪ್ಪಣೆ: ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಲ್ಲಿ ಎಳೆಯಬೇಕು. ಚಿಕ್ಕವನು ಹಾಗೇ ಎಳೆಯುತ್ತಿದ್ದ. ಆದರೂ ಸಂಜೆ ಕೆಲಸ ಮುಗಿದ ಮೇಲೆ ದೊಡ್ಡವನು ಹೊರಗೆ ಹೋಗಿ, ಕಾರಿನ ಬಾಗಿಲು ತೆಗೆದು, ಪಾದ ಊರಿ, ಹಲ್ಲು ಕಚ್ಚಿ ಅದನ್ನು ಮತ್ತೊಂದು ಕಚ್ಚು ಮೇಲಕ್ಕೆ ಎಳೆದು ಬರುತ್ತಿದ್ದ. ಕರಕ್ ಎಂದು ಆ ಸದ್ದು ಒಳಗೆ ಕೂತವರಿಗೂ ಕೇಳುತ್ತಿತ್ತು. ಅದು ಕೇಳಿದ ಮೇಲೆ ಸೊಸೆ ಬಡಿಸಲು ಏಳುತ್ತಿದ್ದಳು.

ಬೀದಿಯ ತುದಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬಾನೆಟ್ಟು ಎತ್ತಿ, ಎಂಜಿನ್ನಿಗೆ ಕಿವಿಗೊಟ್ಟು, ಸುತ್ತ ನಾಲ್ಕು ಜನ ನಿಂತು ನೋಡುತ್ತಿದ್ದಾಗಲೇ ತೀರ್ಪು ಕೊಟ್ಟ.

“ಎಂಜಿನ್ ಗಡಿಯಾರದ ಹಾಗಿದೆ. ಗಾಡಿ ಸರಿ ಇದ್ದೂ ಪೆಟ್ರೋಲ್ ಹೋಗ್ತಿದೆ ಅಂದ್ರೆ ಗಾಡಿ ನೋಡಬಾರದು ಸಾರ್, ಓಡಿಸೋನನ್ನ ನೋಡಬೇಕು.”

“ಅಂದ್ರೆ?”

“ನಾನು ಯಾರ ಹೆಸರೂ ಹೇಳಲ್ಲಪ್ಪ. ಟ್ಯಾಂಕಿಂದ ಎಳೆಯೋ ಪೈಪು ಎಲ್ಲಾ ಅಂಗಡೀಲೂ ಸಿಗುತ್ತೆ ಅಂದೆ, ಅಷ್ಟೇ.”

ಆ ಬೀದಿಯಲ್ಲಿ ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಚಿಕ್ಕಮಗ ಕುಡಿತದ ದಿನಗಳಲ್ಲಿ ಒಬ್ಬ ಗಿರಾಕಿ ಕೊಟ್ಟಿದ್ದ ಪರದೆ ಬಟ್ಟೆಯನ್ನೇ, ಹಸಿರು ಮಖಮಲ್ಲಿನ ಇಡೀ ಸುರುಳಿಯನ್ನು, ಮಾರಿಕೊಂಡು ಮಾಯವಾಗಿದ್ದ. ಬಹಳ ದಿನ ಎಲ್ಲೆಲ್ಲೋ ಇದ್ದು, ಕುಡಿತ ಬಿಟ್ಟು, ತೆಳ್ಳಗಾಗಿ, ಒಂದು ಮಧ್ಯಾಹ್ನ ಬಾಗಿಲಲ್ಲಿ ಬಂದು ನಿಂತಿದ್ದ. ಅಜ್ಜಿ ಏನೂ ಕೇಳದೆ ಬಟ್ಟೆ ಸರಿಸಿ ತಟ್ಟೆ ಇಟ್ಟಿದ್ದಳು. ದೊಡ್ಡವನೂ ಅಂದು ಒರಟು ಮಾತಾಡಲಿಲ್ಲ. ಒಂದು ವರ್ಷ ನೆಟ್ಟಗೆ ನಡೆದರೆ ಅಳತೆಯ ಟೇಪನ್ನು ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದ. ಅಳೆಯುವುದೆಂದರೆ ಸಣ್ಣ ಮಾತಲ್ಲ. ಅಳೆಯುವವನು ಜನರ ಮಲಗುವ ಕೋಣೆಯವರೆಗೆ ಹೋಗುತ್ತಾನೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಗಡಿಯಾರ, ಉಂಗುರ ಬಿಟ್ಟು ಅವರು ಚಹಾ ತರಲು ಒಳಗೆ ಹೋಗುತ್ತಾರೆ. ಚಿಕ್ಕವನು ಆ ಟೇಪಿಗಾಗಿಯೇ ಕಾಯುತ್ತಿದ್ದ. ವರ್ಷ ತುಂಬಲು ಇನ್ನು ಸ್ವಲ್ಪವೇ ಉಳಿದಿತ್ತು.

ಮೆಕ್ಯಾನಿಕ್ಕನ ಮಾತಾದ ಮೇಲೆ ದೊಡ್ಡವನು ತಮ್ಮ ಬರುವ ಹೊತ್ತನ್ನು ಗಮನಿಸತೊಡಗಿದ. ಗುಡ್ಡದ ಕಡೆಯ ಬಡಾವಣೆಗೆ ಹೋದ ದಿನಗಳಲ್ಲೆಲ್ಲ ತಮ್ಮ ತಡವಾಗಿ ಬರುತ್ತಿದ್ದ.

“ಎರಡು ಕಿಟಕಿಗೆ ಇಷ್ಟು ಹೊತ್ತಾ?”

“ಆಯ್ತು.”

“ಏನು ಆಯ್ತು?”

“ಕೆಲಸ ಆಯ್ತು ಅಂದೆ. ಹೊತ್ತೂ ಆಯ್ತು.”

ಸೊಸೆ ಯಂತ್ರ ನಿಲ್ಲಿಸಿ ಹೇಳಿದಳು: “ಅವನ ಅಂಗಿ ಹೆಗಲು ನೋಡಿ. ನೀಲಿದೂ ಸವೆದಿದೆ, ಬಿಳೀದೂ ಸವೆದಿದೆ. ಏನು ಹೊರ್ತಾನೋ ಏನೋ.”

“ಹೊರೋದಕ್ಕೆ ಕಾರಿದೆ. ಇವನ್ಯಾಕೆ ಹೊರ್ತಾನೆ?”

ಚಿಕ್ಕವನು ಏಣಿಯನ್ನು ಗೋಡೆಗೆ ಒರಗಿಸಿದ. ಮರುದಿನ ಇಸ್ತ್ರಿಯಾಗಿ ಬಂದ ಅಂಗಿ ತೊಟ್ಟಾಗ ಬಲಹೆಗಲಿನ ಒಳಗೆ ಪರದೆಯ ಅಸ್ತರಿನ ಮೆತ್ತನೆಯ ತುಂಡು ಹೊಲಿದಿತ್ತು. ಅತ್ತಿಗೆಯ ಕಡೆ ನೋಡಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬೀಗ ಬಂದದ್ದು ಆ ವಾರವೇ. ದೊಡ್ಡವನು ಪೇಟೆಯಿಂದ ಕಾಗದದಲ್ಲಿ ಸುತ್ತಿ ತಂದ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಅದು. ನಡುವೆ ಕೀಲಿ ತೂತು. ಕೀಲಿ ಹಾಕಿ ತಿರುಗಿಸಿದರೆ ಮಾತ್ರ ಅದು ಬಾಯಿಗೆ ಕೂರುತ್ತಿತ್ತು. ಇಲ್ಲವಾದರೆ ಸುಮ್ಮನೆ ಗಿರಗಿರ ಸುತ್ತಿ ಕೆಳಗೆ ಬೀಳುತ್ತಿತ್ತು. ಹಳೆಯ ಮುಚ್ಚಳವನ್ನು ಅಂಗಡಿಯವನಿಗೇ ಕೊಟ್ಟು ಬಂದಿದ್ದ. ಕೀಲಿಯನ್ನು ತನ್ನ ಸೊಂಟದ ಗೊಂಚಲಿಗೆ ಸೇರಿಸಿಕೊಂಡ.

ಬೆಳಿಗ್ಗೆ ಕಾರು ಒರೆಸಲು ಹೋದ ಚಿಕ್ಕವನು ಒದ್ದೆ ಬಟ್ಟೆ ಕೈಯಲ್ಲೇ ಹಿಡಿದು ಒಳಗೆ ಬಂದ. ಎಲ್ಲರೂ ತಿಂಡಿಗೆ ಕೂತಿದ್ದರು.

“ಟ್ಯಾಂಕಿಗೆ ಬೀಗ ಬಿದ್ದಿದೆ.”

“ಹೌದು. ಊರಲ್ಲಿ ಪೆಟ್ರೋಲ್ ಕಳ್ಳರು ಜಾಸ್ತಿಯಾಗಿದಾರಂತೆ,” ಎಂದ ದೊಡ್ಡವನು, ತಟ್ಟೆಯಿಂದ ತಲೆ ಎತ್ತದೆ.

ಚಿಕ್ಕವನ ಕೈ ತಾನಾಗಿಯೇ ಬಲಹೆಗಲಿಗೆ ಹೋಯಿತು. ಹಿಂದಿನ ದಿನದ ನೋವು ಅಲ್ಲಿ ಕೂತಿತ್ತು. ತಿಕ್ಕಿಕೊಂಡ.

“ನೋಡಮ್ಮ,” ಎಂದ ದೊಡ್ಡವನು. “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ.”

ವಕೀಲೆ ಚಮಚ ಕೆಳಗಿಟ್ಟಳು. “ಅಪ್ಪ, ಚಿಕ್ಕಪ್ಪ ಕದಿಯೋದನ್ನ ಯಾರು ನೋಡಿದಾರೆ?”

“ಮಾತಾಡಬೇಡ.”

“ನೋಡಿದವರು ಇದ್ರೆ ಹೇಳು, ಮಾತಾಡಲ್ಲ.”

“ಪೆಟ್ರೋಲ್ ತಾನೇ ರೆಕ್ಕೆ ಕಟ್ಕೊಂಡು ಹಾರಿಹೋಗುತ್ತಾ?”

“ಅಣ್ಣ,” ಎಂದ ಚಿಕ್ಕವನು. ಅವನ ದನಿ ತಮಾಷೆಯದೇ ಆಗಿತ್ತು, ಮುಖ ಹಾಗಿರಲಿಲ್ಲ. “ಬೀಗ ತರೋದೇ ಆಗಿದ್ರೆ ಸಕ್ಕರೆ ಡಬ್ಬಿಗೂ ಒಂದು ತರಬೇಕಿತ್ತು. ನಾನು ಚಹಾಕ್ಕೆ ಜಾಸ್ತಿ ಹಾಕ್ಕೋತೀನಿ.”

ಅಜ್ಜಿ ಮಧ್ಯೆ ಕೈ ಚಾಚಿ ಇಬ್ಬರ ತಟ್ಟೆಗೂ ಒಂದೊಂದು ಬೇಯಿಸಿದ ಆಲೂಗಡ್ಡೆ ಹಾಕಿದಳು. ಅವರು ಚಿಕ್ಕವರಿದ್ದಾಗ ಜಗಳ ಬಿಡಿಸಲು ಅವಳು ಹೀಗೇ ಮಾಡುತ್ತಿದ್ದಳು. ಆ ದಿನ ಎರಡೂ ತಟ್ಟೆಯಲ್ಲೇ ತಣ್ಣಗಾದವು.

ಮನೆಯವರಿಗಾಗಿ ಹಾಕಿದ ಬೀಗವನ್ನು ಬೀದಿಯೂ ನೋಡಿತು. ಪಕ್ಕದ ಮನೆಯವನು ತನ್ನ ಸ್ಕೂಟರಿಗೆ ಸರಪಳಿ ಬಿಗಿದ. ಮುಂದಿನ ವಾರ ಒಬ್ಬ ಹಳೆಯ ಗಿರಾಕಿ ಫೋನು ಮಾಡಿ, ಬಹಳ ಮರ್ಯಾದೆಯಿಂದ, ಪರದೆ ತೂಗಿಸಲು ಈ ಸಲ ನೀವೇ ಬನ್ನಿ, ತಮ್ಮನನ್ನು ಕಳಿಸಬೇಡಿ ಎಂದರು. ದೊಡ್ಡವನು ಸರಿ ಎಂದು ಫೋನಿಟ್ಟ. ಪಕ್ಕದಲ್ಲೇ ಕೊಕ್ಕೆಗಳನ್ನು ಬೇರೆ ಮಾಡುತ್ತ ಕೂತಿದ್ದ ಚಿಕ್ಕವನಿಗೆ ಆ ಕಡೆಯ ಮಾತೂ ಕೇಳಿಸಿತ್ತು. ಸಣ್ಣ ಕೊಕ್ಕೆಗಳನ್ನೆಲ್ಲ ದೊಡ್ಡ ಡಬ್ಬಿಗೆ ಹಾಕಿ, ಮತ್ತೆ ಸುರಿದು, ಮೊದಲಿನಿಂದ ಬೇರೆ ಮಾಡಿದ.

ಬೀಗ ಬಿದ್ದ ಮೇಲೂ ಮುಳ್ಳು ಇಳಿಯುವುದು ನಿಲ್ಲಲಿಲ್ಲ.

ಇದನ್ನು ಮೊದಲು ಬಾಯಿಬಿಟ್ಟು ಹೇಳಿದವಳು ಸೊಸೆ. ಎಲ್ಲರೂ ಊಟಕ್ಕೆ ಕೂತಿದ್ದಾಗ, ಬೇಳೆ ಬಡಿಸುತ್ತ ಹೇಳಿದಳು: “ಕೀಲಿ ನಿಮ್ಮ ಸೊಂಟದಲ್ಲೇ ಇದೆ. ಆದ್ರೂ ಇವತ್ತು ಮತ್ತೆ ಬಂಕ್‌ಗೆ ಹೋಗಿ ಬಂದ್ರಿ. ಹಾಗಾದ್ರೆ ಇವನ ತಪ್ಪಿಲ್ಲ ಅಂತಾಯ್ತಲ್ಲ.”

ಆ ಮಾತಿಗೆ ದೊಡ್ಡವನು ತಲೆದೂಗಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ತುತ್ತು ನುಂಗಿ, ನೀರು ಕುಡಿದು, ಹೇಳಿದ:

“ಇನ್ನೊಂದು ಕೀಲಿ ಮಾಡಿಸೋದು ಎಷ್ಟು ಹೊತ್ತಿನ ಕೆಲಸ?”

ಚಿಕ್ಕವನು ಉಳಿದ ಅನ್ನವನ್ನು ಪೂರ್ತಿ ಉಂಡ. ತಟ್ಟೆ ಎತ್ತಿಕೊಂಡು ಹೋಗಿ ತೊಳೆದು ಬೋರಲು ಹಾಕಿದ.

“ಎಲ್ಲಿಗೋ?” ಎಂದಳು ಅಜ್ಜಿ.

“ಮರದ ಡಿಪೋದಲ್ಲಿ ಆಳು ಬೇಕು ಅಂತಿದ್ರು. ಅಲ್ಲಿ ಇರೋಕೂ ಜಾಗ ಕೊಡ್ತಾರಂತೆ.”

“ಸಿಟ್ಟಲ್ಲಿ ಹೊಸಿಲು ದಾಟಬೇಡ.”

“ಸಿಟ್ಟಿಲ್ಲಮ್ಮ. ಸಿಟ್ಟಿದ್ರೆ ಊಟ ಬಿಟ್ಟು ಏಳ್ತಿದ್ದೆ.”

“ಕೂತ್ಕೋ,” ಎಂದ ದೊಡ್ಡವನು. “ಯಾರೂ ಹೋಗು ಅಂದಿಲ್ಲ.”

“ಅಂದಿಲ್ಲ. ಅವತ್ತು ಮಖಮಲ್ಲು ನಾನೇ ತಗೊಂಡೆ ಅಣ್ಣ. ಅದಕ್ಕೆ ಏನಂದ್ರೂ ಅನ್ನಿಸ್ಕೊಂಡೆ. ಇದನ್ನ ತಗೊಂಡಿಲ್ಲ.” ಕಾರಿನ ಕೀಲಿಯನ್ನು ಹೊಲಿಗೆಯಂತ್ರದ ಮೇಲಿಟ್ಟ. “ಹಿಂದಿನ ಸೀಟಲ್ಲಿ ನಾಳೆದು ಎರಡು ಗಂಟಿದೆ. ಬೂದು ಬಣ್ಣದ್ದು ಗುಡ್ಡದ ಮೇಲಿನ ಮನೇದು.”

ಸೊಸೆ ಒಂದು ಚೀಲದಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಅವನ ನೀಲಿ ಅಂಗಿ ಇಟ್ಟು ಕೊಟ್ಟಳು. ವಕೀಲೆ ಎದ್ದು ಬಾಗಿಲಿಗೆ ಹೋದಳು. ಚಿಕ್ಕಪ್ಪನ ಚಪ್ಪಲಿಯನ್ನು ಮೆಟ್ಟಿಲ ಮೇಲಿಂದ ಕೆಳಗೆ, ಅವನ ಕಾಲ ಬಳಿ ಇಟ್ಟಳು.

ಮರುದಿನದಿಂದ ದೊಡ್ಡವನೇ ಅಳೆದ, ಕತ್ತರಿಸಿದ, ಒಯ್ದ, ತೂಗಿಸಿದ. ಮನೆಗೆ ಬರುವಾಗ ಮುಖ ಬಿಳಿಚಿಕೊಂಡಿರುತ್ತಿತ್ತು. ಬೂದು ಪರದೆ ಒಯ್ದ ದಿನ ಗುಡ್ಡದ ಮೇಲಿನ ಮನೆಯ ಹೆಂಗಸು, ಮೊಮ್ಮಗುವನ್ನು ಎತ್ತಿಕೊಂಡಿದ್ದವಳು, ಕಾರು ನೋಡಿ ಅಚ್ಚರಿಪಟ್ಟಳು.

“ಓ, ಇಲ್ಲೀವರೆಗೆ ಕಾರಲ್ಲೇ ಬಂದ್ರಾ? ನಿಮ್ಮ ತಮ್ಮ ಯಾವಾಗ್ಲೂ ಕೆಳಗಡೆ ಆ ಮರದ ಹತ್ರ ನಿಲ್ಲಿಸಿ, ಗಂಟು ಹೆಗಲ ಮೇಲೆ ಹೊತ್ಕೊಂಡು, ಏಣಿ ಹಿಡ್ಕೊಂಡು ಬರ್ತಿದ್ದ. ಪಾಪ, ಏದುಸಿರು. ಯಾಕಪ್ಪ ಅಂದ್ರೆ, ಏರು ಹತ್ತಿಸಿದ್ರೆ ನಮ್ಮ ಮುದುಕಿ ಜಾಸ್ತಿ ಕುಡೀತಾಳೆ ಅನ್ನೋನು.”

“ನನಗೆ ಹೇಳಿಲ್ಲ.”

“ನಿಮಗೆ ಹೇಳಬೇಡಿ ಅಂತಿದ್ದ. ಪರದೆಯವರು ಅಗಸರ ಹಾಗೆ ಗಂಟು ಹೊತ್ಕೊಂಡು ಹೋಗಬಾರದು ಅಂತ ನೀವು ಅಂತೀರಂತಲ್ಲ. ಅವನಿಗೆ ಮೈ ಚೆನ್ನಾಗಿದೆಯಾ?”

ಚೆನ್ನಾಗಿದ್ದಾನೆ ಎಂದ ದೊಡ್ಡವನು. ಏಣಿ ಹತ್ತಿ ಪರದೆ ತೂಗಿಸಿದ. ಮನೆಗೆ ಬಂದು ಇದನ್ನು ಹೆಂಡತಿಗೆ ಮಾತ್ರ ಹೇಳಿದ. ಅವಳು ಹೊಲಿಯುತ್ತಿದ್ದದ್ದನ್ನು ಬಿಚ್ಚಿ ಮತ್ತೆ ಹೊಲಿಯತೊಡಗಿದಳು.

“ಅವನೇ ಹೇಳಬಹುದಿತ್ತು,” ಎಂದ ಅವನು.

“ಹೇಳಿದ್ರೆ ನಂಬ್ತಿದ್ರಾ?”

ಆ ವಾರ ಟ್ಯಾಂಕು ಹಿಂದೆಂದಿಗಿಂತ ಬೇಗ ಖಾಲಿಯಾಯಿತು. ಊಟದ ಹೊತ್ತಿನಲ್ಲಿ ದೊಡ್ಡವನ ಸೊಂಟದಲ್ಲಿ ಕೀಲಿಗೊಂಚಲು ಕಿಣಿಕಿಣಿ ಎಂದಾಗ ವಕೀಲೆ ತಲೆ ತಗ್ಗಿಸಿಕೊಂಡೇ ಕೇಳಿದಳು:

“ಈಗ ಯಾರು ಕದೀತಿದಾರೆ ಅಪ್ಪ?”

ಅವನು ಕೈ ಎತ್ತಿದ. ಹೊಡೆಯಲಿಲ್ಲ. ಎತ್ತಿದ ಕೈಯಿಂದ ಮೇಜಿನ ಮೇಲಿದ್ದ ದಾರದ ಚೂರೊಂದನ್ನು ಹೆಕ್ಕಿ, ಸುತ್ತಿ, ಕಿಸೆಗೆ ಹಾಕಿಕೊಂಡ. ಅಂದು ಊಟದ ಮೇಲೆ ಅವನು ಮತ್ತೆ ಕಾರಿನ ಹತ್ತಿರ ಹೋಗಿ ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಎರಡು ಸಲ ಕೇಳಿಸಿತು.

ಆ ಮನೆಗೆ ಸೇರದ, ಆದರೆ ಅಲ್ಲೇ ಇರುವ ಒಂದು ಬೂದು ಬೆಕ್ಕಿತ್ತು. ಕಾರು ಬಂದು ನಿಂತಿತೆಂದರೆ ಅದು ಎಲ್ಲಿದ್ದರೂ ಬಂದು ಹಿಂದಿನ ಎಡಚಕ್ರಕ್ಕೆ ಬೆನ್ನು ಒತ್ತಿ ಮಲಗುತ್ತಿತ್ತು. ಅಜ್ಜಿ ಕಿಟಕಿಯ ಬಳಿ ಕೂತು ಅಂಚು ಹೊಲಿಯುವಾಗ ಎಷ್ಟೋ ದಿನಗಳಿಂದ ಇದನ್ನು ನೋಡುತ್ತಿದ್ದಳು. ನೆರಳಿಗೆ ಬರುತ್ತದೆ ಎಂದುಕೊಂಡಿದ್ದಳು. ಚಳಿ ಶುರುವಾಗಿ, ಮೋಡ ಕವಿದು, ನೆರಳು ಬಿಸಿಲು ಒಂದೇ ಆಗಿದ್ದ ದಿನವೂ ಅದು ಅದೇ ಚಕ್ರಕ್ಕೆ ಬಂತು. ಬಲಚಕ್ರಕ್ಕೆ ಹೋಗಲಿಲ್ಲ.

ಅವತ್ತು ದೊಡ್ಡವನು ತಿಂಡಿಗೆಂದು ಬಂದು ಮತ್ತೆ ಹೊರಡುವವನಿದ್ದ. ಬೆಕ್ಕು ಚಕ್ರದಡಿ ಸಿಕ್ಕೀತು ಎಂದು ಅಜ್ಜಿ ಮೆಟ್ಟಿಲಿಳಿದು, ಬಗ್ಗಿ, ಅದನ್ನು ಎತ್ತಿಕೊಂಡಳು. ಅದರ ಬೆನ್ನು ಈಗಷ್ಟೇ ಒಲೆಯ ಮೇಲಿಂದ ಇಳಿಸಿದ ಪಾತ್ರೆಯ ಹಾಗೆ ಬೆಚ್ಚಗಿತ್ತು. ಚಕ್ರದ ನಡುವಿನ ಕಬ್ಬಿಣ ಮುಟ್ಟಿದಳು. ಕೈ ಚುರುಕ್ಕೆಂದಿತು. ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಾರು ಬಳಸಿ ಹೋಗಿ ಆ ಕಡೆಯದನ್ನು ಮುಟ್ಟಿದಳು. ಅದು ತಣ್ಣಗಿತ್ತು.

“ದೊಡ್ಡವನೇ,” ಎಂದು ಕರೆದಳು. “ಇಲ್ಲಿ ಬಾ. ಕೈ ಇಡು ಇಲ್ಲಿ. ಈಗ ಅಲ್ಲಿ.”

ಅವನು ಇಟ್ಟ. ಮತ್ತೆ ಇಟ್ಟ.

ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ. ಒಳಗಿನದೆಲ್ಲ ಸುಟ್ಟು ನೀಲಿಯಾಗಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ಲಿನ ಎಳೆಗಳು ಹರಿದು, ಹುರಿ ಬಿಚ್ಚಿಕೊಂಡು, ಕೊಳವೆಯೊಳಗೇ ಸಿಕ್ಕಿಕೊಂಡಿದ್ದವು. ಒಳಗಿನ ಹಿಡಿಕೆಯನ್ನು ಕೆಳಗಿಳಿಸಿದರೂ ಆ ಚಕ್ರದ ಬ್ರೇಕು ಬಿಡುತ್ತಿರಲಿಲ್ಲ. ಇಷ್ಟು ದಿನವೂ ಕಾರು ಒಂದು ಕಾಲನ್ನು ಎಳೆದುಕೊಂಡೇ ಓಡಿತ್ತು.

“ಪೆಟ್ರೋಲ್ ಎಲ್ಲಾ ಇಲ್ಲೇ ಉರಿದುಹೋಗಿದೆ ನೋಡಿ,” ಎಂದ ಮೆಕ್ಯಾನಿಕ್, ತಾನು ಹಿಂದೆ ಹೇಳಿದ್ದನ್ನು ಮರೆತವನಂತೆ. “ಯಾರು ಸಾರ್ ಇದನ್ನ ಇಷ್ಟು ಎಳೆದಿದ್ದು? ಕಬ್ಬಿಣಾನೂ ಬೇಡ ಅನ್ನುತ್ತೆ. ಓಡಿಸೋನು ಎಳೀತಿದ್ನಾ?”

“ಅವನು ಎಳೆದಿದ್ದು ನಾನು ಹೇಳಿದ್ದಕ್ಕೆ,” ಎಂದ ದೊಡ್ಡವನು. “ಅದರ ಮೇಲೆ ಎಳೆದಿದ್ದು ನಾನೇ.”

ರಿಪೇರಿ ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಮುದುಕಿ ಹಲ್ಲಿನ ಡಾಕ್ಟರು ಹೇಳಿದ ಹಾಗೇ ಓಡಿದಳು. ಇಳಿಜಾರಿನಲ್ಲಿ ಗೇರು ತೆಗೆಯದೆಯೇ ಉರುಳಿದಳು. ಮೇಜಿನ ಮೇಲೆ ಬೆಣ್ಣೆ ಬಂತು. ಅದನ್ನು ಯಾರೂ ಹೊಗಳಲಿಲ್ಲ. ಅಜ್ಜಿ ಈಗಲೂ ಐದು ತಟ್ಟೆ ಇಟ್ಟು, ಒಂದನ್ನು ವಾಪಸು ಎತ್ತುತ್ತಿದ್ದಳು.

ಭಾನುವಾರ ನಾಲ್ವರೂ ಮರದ ಡಿಪೋಗೆ ಹೊರಟರು. ಅಜ್ಜಿಯ ಸೊಂಟದ ದಿಂಬನ್ನು ದೊಡ್ಡವನೇ ತಂದು ಸೀಟಿಗೆ ಇಟ್ಟ.

ಡಿಪೋದ ಹಿಂದೆ ತಗಡಿನ ಸಾಲುಕೋಣೆಗಳು. ಅಲ್ಲೂ ನೆಲ ಇಳಿಜಾರಾಗಿತ್ತು. ದೊಡ್ಡವನು ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕಿನ ಮೇಲೆ ಕೈ ಇಟ್ಟು ಎಷ್ಟು ಎಳೆಯಬೇಕೆಂದು ತಿಳಿಯದೆ ಕೂತ. ಬಾಗಿಲಿಂದ ಹೊರಬಂದ ಚಿಕ್ಕವನು ಅದನ್ನು ಕಂಡು, ಒಂದು ಮರದ ತುಂಡು ತಂದು ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟ. ಆಮೇಲೆ ಅಮ್ಮನ ಕೈ ಹಿಡಿದು ಇಳಿಸಿದ.

ಅವನ ಜೊತೆ ಇರುತ್ತಿದ್ದ ಇನ್ನೊಬ್ಬ ಆಳು ಇವರನ್ನು ನೋಡಿದವನೇ, ಮಲಗಿದ್ದಲ್ಲಿಂದ ಎದ್ದು, ನನಗೆ ಹೊರಗೆ ಕೆಲಸವಿದೆ ಎಂದು ಹೊರಟುಹೋದ. ಅವನಿಗೆ ಕೆಲಸವೇನೂ ಇರಲಿಲ್ಲ. ದಿಮ್ಮಿಗಳ ಮೇಲೆ ಹೋಗಿ ಕೂತದ್ದು ಕಿಟಕಿಯಿಂದ ಕಾಣುತ್ತಿತ್ತು. ಇದ್ದ ಒಂದೇ ಕುರ್ಚಿಯಲ್ಲಿ ಅಜ್ಜಿ ಕೂತಳು. ಚಿಕ್ಕವನು ಪಕ್ಕದ ಕೋಣೆಯಿಂದ ಲೋಟ ಎರವಲು ತಂದು ಚಹಾ ಮಾಡಿದ. ಸಕ್ಕರೆ ಕಡಿಮೆ ಇತ್ತು. ತನ್ನ ಲೋಟಕ್ಕೆ ಹಾಕಿಕೊಳ್ಳದೆ ಎಲ್ಲರಿಗೂ ಹಾಕಿದ. ಅವನು ನೀಲಿ ಅಂಗಿಯನ್ನೇ ತೊಟ್ಟಿದ್ದ. ಹೆಗಲಿನ ಅಸ್ತರು ಹೊರಗೆ ಇಣುಕಿತ್ತು. ಸೊಸೆ ಚೀಲದಿಂದ ಇನ್ನೊಂದು ಅಂಗಿ ತೆಗೆದು ಹಾಸಿಗೆಯ ಮೇಲಿಟ್ಟಳು. ಇದರ ಎರಡೂ ಹೆಗಲಿಗೆ ಅಸ್ತರು ಹೊಲಿದಿತ್ತು.

ದೊಡ್ಡವನು ನಿಂತೇ ಇದ್ದ. “ಬ್ರೇಕು ಹಿಡ್ಕೊಂಡಿತ್ತು ಕಣೋ,” ಎಂದ. “ಹಿಂದಿನ ಎಡಚಕ್ರ. ನಾನು ಎಳೆದೂ ಎಳೆದೂ ಕೇಬಲ್ ಕಿತ್ತುಹೋಗಿತ್ತು. ಬೆಕ್ಕು ಬಂದು ಅಲ್ಲೇ ಮಲಗ್ತಿತ್ತು. ಅಮ್ಮ ನೋಡಿದಳು.”

“ಹೌದಾ. ಸರಿ ಹೋಯ್ತಾ?”

“ಹೋಯ್ತು. ಈಗ ಚೆನ್ನಾಗಿ ಓಡುತ್ತೆ.”

“ಒಳ್ಳೇದಾಯ್ತು.”

“ತಪ್ಪು ನಂದು. ಮನೆಗೆ ಬಾ.” ಕಿಸೆಯಿಂದ ಅಳತೆಯ ಟೇಪು ತೆಗೆದು ಹಾಸಿಗೆಯ ಮೇಲೆ, ಅಂಗಿಯ ಪಕ್ಕದಲ್ಲಿ ಇಟ್ಟ.

ಚಿಕ್ಕವನು ಟೇಪು ಕೈಗೆತ್ತಿಕೊಂಡ. ಒಂದು ಗೇಣು ಎಳೆದ. ಅದು ತಾನೇ ಒಳಗೆ ಸುತ್ತಿಕೊಂಡಿತು.

“ಬ್ರೇಕು ಸಿಕ್ತು ಅಂತ ಬಂದೆ ನೀನು,” ಎಂದ. ದನಿ ಏರಲಿಲ್ಲ. “ಸಿಗದೇ ಇದ್ದಿದ್ರೆ?”

ದೊಡ್ಡವನು ಸೊಂಟದ ಕೀಲಿಗೊಂಚಲನ್ನು ಹಿಡಿದುಕೊಂಡ.

“ಅದಕ್ಕೇ ಅಣ್ಣ. ಇನ್ನೊಂದಿನ ಬಟ್ಟೆ ಅಳತೆಗೆ ಸಾಲದೆ ಬರುತ್ತೆ. ಯಾರದೋ ಮನೇಲಿ ಗಡಿಯಾರ ಕಾಣಲ್ಲ. ಆಗ ನೀನು ನನ್ನ ಮುಖ ನೋಡ್ತೀಯ. ನೋಡಬಾರದು ಅಂತಿದ್ರೂ ನೋಡ್ತೀಯ. ಪ್ರತಿಸಲ ಬೆಕ್ಕು ಬಂದು ತೋರಿಸುತ್ತಾ?”

“ಚಿಕ್ಕಪ್ಪ, ನಾನು ಇರ್ತೀನಲ್ಲ,” ಎಂದಳು ವಕೀಲೆ.

ಅವನು ನಕ್ಕ. “ನೀನು ಇದ್ದೆ ಪುಟ್ಟಿ. ಅವತ್ತೂ ನೀನೊಬ್ಬಳೇ ಫೀಸಿಲ್ಲದೆ ವಾದ ಮಾಡಿದ್ದು.” ಅವಳ ತಲೆಯ ಮೇಲೆ ಕೈಯಿಟ್ಟು, ಟೇಪನ್ನು ಅವಳ ಕೈಗೆ ಕೊಟ್ಟ.

ಅಜ್ಜಿ ಬಾ ಎಂದು ಕರೆಯಲಿಲ್ಲ. ಅವನ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸೆರಗಿಗೆ ಸದಾ ಚುಚ್ಚಿರುತ್ತಿದ್ದ ಸೂಜಿಯಿಂದ ಅಂಗೈಯಲ್ಲಿದ್ದ ಮರದ ಸಿಬಿರುಗಳನ್ನು ಒಂದೊಂದಾಗಿ ತೆಗೆಯತೊಡಗಿದಳು. ಬಹಳ ಹೊತ್ತಾಯಿತು. ಯಾರೂ ಅವಸರ ಮಾಡಲಿಲ್ಲ.

“ಎಡಗೈದು?” ಎಂದಳು ಕೊನೆಗೆ.

“ಮುಂದಿನ ಸಲ ಬಂದಾಗ ತೆಗಿ,” ಎಂದ ಅವನು.

ಅವರು ಹೊರಟಾಗ ಚಕ್ರದ ಅಡ್ಡವನ್ನು ಅವನೇ ತೆಗೆದ. ಮರದ ತುಂಡನ್ನು ಕೈಯಲ್ಲಿ ಹಿಡಿದೇ ನಿಂತಿದ್ದ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ.

ದಾರಿಯಲ್ಲಿ ದೊಡ್ಡವನು ಬಂಕ್‌ನಲ್ಲಿ ನಿಲ್ಲಿಸಿದ. ಪೆಟ್ರೋಲ್ ಹಾಕುವ ಹೆಂಗಸು ಕೊಳವೆ ಹಿಡಿದು ಬಂದವಳು ಮುಚ್ಚಳ ನೋಡಿ ನಿಂತಳು. ಅವನು ಇಳಿದು, ಗೊಂಚಲಿನಲ್ಲಿ ಹುಡುಕಿ, ಬೀಗ ತೆಗೆದ.

“ನಿಮ್ಮ ಕಡೆ ಕಳ್ಳರ ಕಾಟ ಜಾಸ್ತಿನಾ ಸಾರ್?” ಎಂದಳು ಅವಳು, ಸುಮ್ಮನೆ ಮಾತಿಗೆ.

ಒಳಗೆ ಮೂವರೂ ಮುಂದಿನ ಗಾಜನ್ನೇ ನೋಡುತ್ತ ಕೂತಿದ್ದರು.

“ಇಲ್ಲ,” ಎಂದ ಅವನು. ಪೆಟ್ರೋಲ್ ಬೀಳುವ ಸದ್ದು ನಿಲ್ಲುವವರೆಗೆ ಕಾದು, ಮತ್ತೊಮ್ಮೆ ಹೇಳಿದ: “ಕಳ್ಳರು ಯಾರೂ ಇರಲಿಲ್ಲ.”

ಅವಳು ಕೊಳವೆ ತೆಗೆದಳು. ಅವನು ಮುಚ್ಚಳವನ್ನು ಟ್ಯಾಂಕಿನ ಬಾಯಿಗಿಟ್ಟು ಕೈಯಿಂದಲೇ ತಿರುಗಿಸಿದ. ಅದು ಗಿರಗಿರ ಸುತ್ತಿತು. ಒತ್ತಿ ಹಿಡಿದು ಮತ್ತೆ ತಿರುಗಿಸಿದ. ಕೈ ಬಿಟ್ಟ ಕೂಡಲೇ ಅದು ಕಳಚಿ ಅವನ ಅಂಗೈಗೆ ಬಿತ್ತು. ಹಿಂದೆ ನಿಂತಿದ್ದ ಗಾಡಿಯವನು ಹಾರ್ನ್ ಒತ್ತಿದ.

ಅವನು ಕೀಲಿ ಹಾಕಿ ತಿರುಗಿಸಿದ.